ಮೂರನೇ ತೂತು

ಮಿಡಿಸೌತೆ ಬೆಳೆದವರಿಗೆ ಭಾನುವಾರವಿಲ್ಲ, ನೆಂಟರಿಲ್ಲ, ಜ್ವರವೂ ಇಲ್ಲ. ಇವತ್ತು ಕಿರುಬೆರಳಿನಷ್ಟಿದ್ದ ಕಾಯಿ ನಾಳೆ ಹೆಬ್ಬೆರಳಾಗಿರುತ್ತದೆ, ನಾಡಿದ್ದಿಗೆ ಯಾರಿಗೂ ಬೇಡವಾದ ದಡಿಯನಾಗಿ ಬಳ್ಳಿಯಡಿ ಮಲಗಿರುತ್ತದೆ. ಅದಕ್ಕೇ ಹನ್ನೆರಡು ವರ್ಷದಿಂದ, ಬೆಳಕು ಹರಿಯುವ ಹೊತ್ತಿಗೆಲ್ಲ ಅತ್ತಿಗೆ ಸಾಲುಗಳ ನಡುವೆ ಬಗ್ಗಿರುತ್ತಿದ್ದಳು. ಅವಳು ಅತ್ತಿಗೆಯಾಗಿದ್ದದ್ದು ಒಬ್ಬನೇ ಒಬ್ಬ ಮೈದುನನಿಗೆ. ಆದರೆ ಆ ಮೈದುನನ ಗಂಟಲು ಎಂಥದ್ದೆಂದರೆ, ಹೊಲದ ಆ ತುದಿಯಿಂದ ಅವನು "ಅತ್ತಿಗೇ" ಎಂದು ಕೂಗಿದರೆ ಇಡೀ ಬೀದಿ ತಿರುಗಿ ನೋಡುತ್ತಿತ್ತು. ಹಾಗಾಗಿ ಬೀದಿಗೆಲ್ಲ ಅವಳು ಅತ್ತಿಗೆ, ಅವನು ಮೈಕು.

ಕಾಯಿ ಕೊಳ್ಳುತ್ತಿದ್ದದ್ದು ಒಂದೇ ಕಂಪನಿ. ಬೀಜ ಅವರದು, ಔಷಧಿ ಅವರದು, ಬಗ್ಗುವ ಬೆನ್ನು ಮಾತ್ರ ಬೆಳೆಗಾರರದು. ಬೆಲೆ ಕಟ್ಟುತ್ತಿದ್ದದ್ದು ತಕ್ಕಡಿಗಿಂತ ಮೊದಲು ತೂತು. ಅಂಗೈಗಿಂತ ದೊಡ್ಡದೊಂದು ದಪ್ಪ ತಗಡು, ತುಕ್ಕು ಹಿಡಿಯದ್ದು. ಅದರಲ್ಲಿ ಸಾಲಾಗಿ ಮೂರು ದುಂಡನೆಯ ತೂತು, ಒಂದಕ್ಕಿಂತ ಒಂದು ದೊಡ್ಡದು. ಮೊದಲನೆಯದರಲ್ಲಿ ನುಸುಳಿದ ಕಾಯಿಗೆ ಒಳ್ಳೆಯ ಬೆಲೆ, ಎರಡನೆಯದರಲ್ಲಿ ನುಸುಳಿದ್ದಕ್ಕೆ ಅದಕ್ಕಿಂತ ಕಡಿಮೆ, ಮೂರನೆಯದಕ್ಕೆ ಹೆಸರಿಗೊಂದು ಬೆಲೆ. ಮೂರನೇ ತೂತಿನಲ್ಲೂ ಹೋಗದ ಕಾಯಿ 'ಹೊರಗೆ'. ಹೊರಗೆ ಎಂದರೆ ಶೆಡ್ಡಿನ ಹಿಂದಿನ ರಾಶಿ. ದನ ಮೂಸಿ ಮುಖ ತಿರುಗಿಸುವ, ನೊಣ ಮುತ್ತುವ ರಾಶಿ.

ಎರಡು ಹಂಗಾಮು ಕಳೆಯುವುದರೊಳಗೆ ಅತ್ತಿಗೆಗೆ ತಗಡಿನ ಹಂಗು ತಪ್ಪಿತ್ತು. ಹೆಬ್ಬೆರಳು ನಡುಬೆರಳನ್ನು ಉಂಗುರ ಮಾಡಿ ಕಾಯಿಯ ಹೊಟ್ಟೆ ಹಿಡಿದರೆ ಸಾಕು, ಅದು ಯಾವ ತೂತಿನದೆಂದು ಹೇಳಿಬಿಡುತ್ತಿದ್ದಳು. ಶೆಡ್ಡಿನಲ್ಲಿ ಪಂದ್ಯ ಕಟ್ಟಿ, ಅವಳ ಕಣ್ಣಿಗೆ ಬಟ್ಟೆ ಬಿಗಿದು ನೋಡಿದವರಿದ್ದರು. ಸೋತವರು ಟೀ ಕುಡಿಸಬೇಕಿತ್ತು. ಆ ವರ್ಷಗಳಲ್ಲಿ ಅತ್ತಿಗೆ ಟೀಗೆಂದು ಸೆರಗಿನ ಗಂಟು ಬಿಚ್ಚಿದ್ದೇ ಇಲ್ಲ.

ಆಮೇಲೆ ಒಂದು ಹಂಗಾಮಿಗೆ ಮುಂಚೆ ಕಂಪನಿಯ ಸೂಪರ್‌ವೈಸರ್ ಗಾಡಿ ತುಂಬ ಪ್ಲಾಸ್ಟಿಕ್ ಹಲಗೆಗಳನ್ನು ತಂದ. ಅದೇ ಆಕಾರ, ಅದೇ ಮೂರು ತೂತು. "ಹಗುರ ಇದೆ, ಅಂಚು ಕೊಯ್ಯಲ್ಲ, ಫ್ರೀ," ಎಂದ. ಹಳೆಯ ತಗಡು ವಾಪಸು ಕೊಟ್ಟವರಿಗಷ್ಟೇ ಬೀಜ. ಅತ್ತಿಗೆಯ ಮನೆಯಲ್ಲಿ ಎರಡು ತಗಡಿದ್ದವು, ಗಂಡನದೊಂದು ಅವಳದೊಂದು. ಒಂದು ಸಿಕ್ಕಿತು, ಕೊಟ್ಟಳು. ಇನ್ನೊಂದು ಎಲ್ಲಿ ಹೋಯಿತೋ ನೆನಪಾಗಲಿಲ್ಲ. ಕಳೆದುಹೋಯಿತೆಂದು ಬರೆಸಿ ಹೆಬ್ಬೆಟ್ಟು ಒತ್ತಿದಳು.

ಆ ಹಂಗಾಮಿನಿಂದಲೇ ಅವಳ ಕೈ ತಪ್ಪತೊಡಗಿತು. ಮೂರನೇ ತೂತಿನದೆಂದು ಆರಿಸಿಟ್ಟ ಕಾಯಿ ಹಲಗೆಯಲ್ಲಿ ಅರ್ಧಕ್ಕೆ ಸಿಕ್ಕಿಕೊಳ್ಳುತ್ತಿತ್ತು. ಬುಟ್ಟಿ ಬುಟ್ಟಿಯೇ ಹೊರಗೆ ಬೀಳುತ್ತಿತ್ತು.

"ಅತ್ತಿಗೆ, ಒಂದು ಕನ್ನಡಕ ಮಾಡಿಸ್ಕೊಳ್ಳಿ," ಎಂದ ಸೂಪರ್‌ವೈಸರ್.

"ಕಣ್ಣಲ್ಲಪ್ಪ ನಾನು ನೋಡೋದು, ಕೈಯಲ್ಲಿ."

"ಹಾಗಾದ್ರೆ ಕೈಗೇ ಹಾಕಿಸಿ."

ಶೆಡ್ಡೆಲ್ಲ ನಕ್ಕಿತು. ಅವಳೂ ನಕ್ಕಳು. ಮನೆಗೆ ಬಂದು ಬಾಗಿಲ ಬೆಳಕಿಗೆ ಬೆರಳು ಹಿಡಿದು ನೋಡಿಕೊಂಡಳು. ಗಂಟು ಬಾತಿದೆಯೇ, ಚರ್ಮ ದಪ್ಪವಾಯಿತೇ ಎಂದು. ಮೂರು ಹಂಗಾಮು ಅವಳು ತನ್ನ ಕೈಯನ್ನೇ ಶಪಿಸಿದಳು. ಇನ್ನಷ್ಟು ಎಳೆಯ ಕಾಯಿ ಕಿತ್ತಳು. ಎಳೆಯದು ತೂಗುವುದಿಲ್ಲ, ದುಡ್ಡು ಇನ್ನೂ ಇಳಿಯಿತು. ಗಂಡನನ್ನು ಬೈದಳು, ಬಳ್ಳಿಯನ್ನು ಬೈದಳು. ಬೀದಿಯ ಅರವತ್ತು ಮನೆಯಲ್ಲೂ ಹೀಗೇ ನಡೆಯುತ್ತಿತ್ತು. ಎಲ್ಲರೂ ತಂತಮ್ಮ ಕಣ್ಣನ್ನೋ ಹೆಂಡತಿಯನ್ನೋ ದೂರುತ್ತ ಬಾಯಿ ಮುಚ್ಚಿಕೊಂಡಿದ್ದರು. ಮೋಸ ಹೋದವರು ಮೊದಲು ತಮ್ಮನ್ನು ತಾವೇ ಅನುಮಾನಿಸಲಿ ಎಂಬುದೇ ಆ ಹಲಗೆಯ ಜಾಣತನ.

ಕಳೆದ ತಗಡು ಸಿಕ್ಕಿದ್ದು ಬಚ್ಚಲಲ್ಲಿ ನೀರು ಕಟ್ಟಿಕೊಂಡಾಗ. ಆ ಬಚ್ಚಲಿಗೆ ಸಿಮೆಂಟ್ ಬಳಿದವನು ಮೈಕು. ಎಂಟು ವರ್ಷದ ಹಿಂದಿನ ಮಾತು, ಆಗಿನ್ನೂ ಮೀಸೆ ಮೊಳೆಯುತ್ತಿತ್ತು. ಕೂಲಿ ಉಳಿಸುತ್ತೇನೆಂದು ತಾನೇ ಬಳಿದು, ಮೂಲೆಯಲ್ಲಿ ಮೂರು ದುಂಡನೆಯ ಉಬ್ಬು ಬಿಟ್ಟುಬಿಟ್ಟಿದ್ದ. ಅತ್ತಿಗೆ ಬೈದು ಬೈದು ಸಾಕಾಗಿ, ಕೊನೆಗೆ ಅದರ ಮೇಲೆಯೇ ಹಿಮ್ಮಡಿ ತಿಕ್ಕುವುದನ್ನು ರೂಢಿ ಮಾಡಿಕೊಂಡಿದ್ದಳು. ಈಗ ನೀರು ಹೋಗದೆ ನಿಂತಾಗ ಕಂಡಿಗೆ ಕೈ ಹಾಕಿ ಕೂದಲು, ಸೋಪಿನ ಚೂರು, ಬಳೆಯ ತುಂಡು ಎಲ್ಲ ಎಳೆದಳು. ಕೊನೆಗೆ ತಗಡು ಬಂತು. ಕಸ ತಡೆಯಲೆಂದು ಅವಳೇ ಅದನ್ನು ಕಂಡಿಗೆ ಮುಚ್ಚಿದ್ದಳು. ಕೂರದ್ದಕ್ಕೆ ಪಕ್ಕದ ಮನೆಯ ಟೈಲರಮ್ಮನ ಕತ್ತರಿ ತಂದು ಒಂದು ಮೂಲೆ ಕತ್ತರಿಸಿದ್ದಳು. ಟೈಲರಮ್ಮ ಇವತ್ತಿಗೂ ಆ ಕತ್ತರಿಯ ಬಾಯಿ ಹೋದದ್ದನ್ನು ಹೇಳಿಕೊಂಡು ತಿರುಗುತ್ತಾಳೆ.

ಅತ್ತಿಗೆ ಒದ್ದೆ ಸೀರೆಯಲ್ಲೇ, 'ಹೊರಗೆ' ಬಿದ್ದ ಬುಟ್ಟಿಯಿಂದ ಒಂದು ಕಾಯಿ ತಂದಳು. ಪ್ಲಾಸ್ಟಿಕ್ಕಿನ ಮೂರನೇ ತೂತಿಗೆ ಹಾಕಿದಳು, ಸಿಕ್ಕಿಕೊಂಡಿತು. ತಗಡಿನ ಮೂರನೇ ತೂತಿಗೆ ಹಾಕಿದಳು. ಕಾಯಿ ನುಸುಳಿ ಅವಳ ಪಾದದ ಮೇಲೆ ಬಿತ್ತು.

ಎರಡನೇ ಕಾಯಿ ಬಿತ್ತು. ಮೂರನೆಯದೂ ಬಿತ್ತು. ಅವಳು ಬಚ್ಚಲ ಕಟ್ಟೆಯ ಮೇಲೆ ಕೂತು ತನ್ನ ಬಲಗೈಯನ್ನು ಎಡಗೈಯಿಂದ ಸವರಿದಳು, ಹೊಡೆದ ಮೇಲೆ ಮಗುವನ್ನು ಸವರುವ ಹಾಗೆ.

*

ಮೊದಲ ಸಭೆ ಶೆಡ್ಡಿನಲ್ಲೇ ಸೇರಿತು. ಎಲ್ಲರೂ ಒಟ್ಟಿಗೇ ಕೂಗಾಡಿ ಯಾರ ಮಾತೂ ಯಾರಿಗೂ ಕೇಳದಾದಾಗ ಅತ್ತಿಗೆ ಒಂದು ಕಟ್ಟಳೆ ಮಾಡಿದಳು: ತಗಡು ಯಾರ ಕೈಯಲ್ಲಿದೆಯೋ ಅವರಷ್ಟೇ ಮಾತಾಡಬೇಕು. ತಗಡು ಕೈಯಿಂದ ಕೈಗೆ ಹೋಯಿತು. ಹುಟ್ಟಿದ ಮೇಲೆ ನಾಲ್ಕು ಜನರೆದುರು ಬಾಯಿ ತೆರೆಯದವರೂ ತೂತಿನೊಳಗೆ ಬೆರಳು ತೂರಿಸಿಕೊಂಡು, ಆ ಬೆರಳನ್ನೇ ನೋಡುತ್ತ ಮಾತಾಡಿದರು.

"ಮೂರು ವರ್ಷ ಹೆಂಡ್ತೀನ ಬೈದಿದೀನಿ," ಎಂದ ಒಬ್ಬ ಮುದುಕ. "ಸತ್ತೋದ್ಳು. ಈಗ ಯಾರ ಹತ್ರ ಹೋಗಿ ತಪ್ಪಾಯ್ತು ಅನ್ಲಿ?"

ಟೈಲರಮ್ಮನ ಸರದಿ ಬಂದಾಗ ಅವಳು ಕತ್ತರಿಸಿದ ಮೂಲೆ ಎತ್ತಿ ತೋರಿಸಿದಳು. "ಕಂಪನಿ ಲೆಕ್ಕ ಆಮೇಲಾಗ್ಲಿ. ಮೊದ್ಲು ನನ್ನ ಕತ್ತರಿ ನ್ಯಾಯ ಆಗ್ಬೇಕು."

ನಕ್ಕು ನಕ್ಕು ಕಣ್ಣೊರೆಸಿಕೊಂಡವರು ಮರುದಿನದಿಂದ ಕಾಯಿ ಕೊಡುವುದನ್ನು ನಿಲ್ಲಿಸಿದರು. ಹತ್ತು ದಿನ ಕೊಡಲಿಲ್ಲ. ಬಳ್ಳಿಯಲ್ಲೇ ಕಾಯಿ ದಪ್ಪಗಾಗಿ ಹಳದಿಯಾದರೂ ಯಾರೂ ಕೀಳಲಿಲ್ಲ. ಟೈಲರಮ್ಮ ಬಿಳಿ ಬಟ್ಟೆಯ ನಡುವೆ ದುಂಡನೆ ತೂತು ಕತ್ತರಿಸಿ ಬಾವುಟ ಹೊಲಿದಳು. ಆ ತೂತಿನಿಂದ ಆಕಾಶ ಕಾಣುತ್ತಿತ್ತು. ಸುತ್ತಲಿನ ಊರುಗಳಿಂದ ಜನ ನಡೆದು ಬಂದರು, ಟ್ರ್ಯಾಕ್ಟರಿನಲ್ಲಿ ಬಂದರು. ಆಲೂಗಡ್ಡೆಯವರು ಬಂದರು, ಹಾಲಿನವರು ಬಂದರು. ಅವರವರ ತೂತು ಅವರವರಿಗಿತ್ತು.

ಇಷ್ಟು ಜನಕ್ಕೆ ದನಿ ಬೇಕಾಯಿತು. ದನಿ ಇದ್ದದ್ದು ಮೈಕುವಿಗೆ.

ಮೈದುನ ವೇದಿಕೆ ಹತ್ತಿ ತಗಡನ್ನು ತಲೆಯ ಮೇಲೆತ್ತಿ, "ಇದು ನಮ್ಮತ್ತಿಗೆ ಬಚ್ಚಲಲ್ಲಿ ಸಿಕ್ಕ ಸತ್ಯ," ಎಂದಾಗ ಅತ್ತಿಗೆಯ ಮೈ ಜುಮ್ಮೆಂದಿತು. ತಾಯಿಯಿಲ್ಲದ ಅವನಿಗೆ ಉಣ್ಣಿಸಿ ಬೆಳೆಸಿದವಳು ಅವಳು. ಆವತ್ತು ತಗಡು ಅವನ ಕೈಯಲ್ಲಿತ್ತು, ಅವನು ಮಾತಾಡಿದ. ಮುಂದಿನ ಸಭೆಯಲ್ಲೂ ಅವನ ಕೈಯಲ್ಲೇ ಇತ್ತು. ಆಮೇಲಿನ ಸಭೆಗಳಲ್ಲಿ ಅದು ವೇದಿಕೆಯಿಂದ ಕೆಳಗಿಳಿಯಲೇ ಇಲ್ಲ. ಬಾವುಟವೂ ಬದಲಾಯಿತು. ತೂತು ಕತ್ತರಿಸಿದರೆ ಬಟ್ಟೆ ಹರಿಯುತ್ತದೆಂದು ಬರೀ ಕಪ್ಪು ಬಳೆಯಂಥ ಗುರುತು ಅಚ್ಚು ಹಾಕಿಸಿದರು. ಆಕಾಶ ಕಾಣುವುದು ನಿಂತಿತು. ಸಭೆಯೇ ಪಕ್ಷವಾಯಿತು, ಚುನಾವಣೆ ಬಂತು, ಮೈಕು ಗೆದ್ದ. ತಗಡಿಗೆ ಅಗಲವಾದ ಮರದ ಚೌಕಟ್ಟು, ಗಾಜು ಬಂತು. ಅದು ಪಕ್ಷದ ಕಚೇರಿಯಲ್ಲಿ ಅವನ ಕುರ್ಚಿಯ ಹಿಂದೆ ನೇತಾಡಿತು. ಒಮ್ಮೆ ಅತ್ತಿಗೆ ಹೋಗಿದ್ದಾಗ ಮುಟ್ಟಲು ಕೈ ಚಾಚಿದಳು. ಗಾಜಿನ ಮೇಲೆ ಬೆರಳಚ್ಚು ಮೂಡಿತು. ಯಾರೋ ಕಾರ್ಯಕರ್ತ ಬಂದು ಬಟ್ಟೆಯಲ್ಲಿ ಒರೆಸಿ ಹೋದ.

ಪ್ಲಾಸ್ಟಿಕ್ ಹಲಗೆ ಮಾತ್ರ ಶೆಡ್ಡಿನಲ್ಲಿ ಹಾಗೇ ಇತ್ತು. "ವಿಚಾರಣೆ ಆಗ್ಲಿ ಅತ್ತಿಗೆ, ಕಾನೂನು ಪ್ರಕಾರ ಹೋಗೋಣ," ಎನ್ನುತ್ತಿದ್ದ ಮೈಕು. ಎರಡು ವರ್ಷಕ್ಕೆ ವಿಚಾರಣೆ ಬಂತು. ಹಲಗೆಯಲ್ಲಿ ಮೋಸವಿದೆ ಎಂದು ಸಾಬೀತಾದರೆ ಕಂಪನಿ ಹಳೆಯ ಅಳತೆಗೆ ಮರಳಬೇಕು, ಐದು ವರ್ಷದ ನಷ್ಟ ತುಂಬಿಕೊಡಬೇಕು. ಸಾಕ್ಷಿ ಅತ್ತಿಗೆ. ಪುರಾವೆ ತಗಡು.

*

ಪೇಟೆಯ ಸರ್ಕಾರಿ ಕಟ್ಟಡದ ಮಹಡಿ. ಉದ್ದನೆಯ ಮೇಜು, ಮೇಲೆ ಕಿರ್ರೆನ್ನುವ ಫ್ಯಾನು. ನಡುವೆ ತನಿಖಾಧಿಕಾರಿ, ನರೆತ ಕೂದಲಿನ ಹೆಂಗಸು. ಅವಳ ಎಡಕ್ಕೆ ಕಂಪನಿಯ ವಕೀಲ, ಬಲಕ್ಕೆ ಬೆಳೆಗಾರರ ಪ್ರತಿನಿಧಿಯಾಗಿ ಮೈಕು. ಎದುರಿನ ಬೆಂಚಿನಲ್ಲಿ ಅತ್ತಿಗೆಯ ಗಂಡ, ಜೊತೆಗೆ ಬೀದಿಯ ನಾಲ್ವರು ಬೆಳೆಗಾರರು. ಮುಂದಿನ ಹಂಗಾಮಿನ ಒಪ್ಪಂದದ ಕಾಗದ ಆ ವಾರವಷ್ಟೇ ಅವರಿಗೆ ಬಂದಿತ್ತು, ಕಂಪನಿಯ ರುಜು ಇನ್ನೂ ಬಿದ್ದಿರಲಿಲ್ಲ.

ಅತ್ತಿಗೆ ಬೆಳಿಗ್ಗೆ ಕಿತ್ತ ಕಾಯಿಗಳನ್ನು ಊಟದ ಡಬ್ಬಿಯಲ್ಲಿ ತಂದಿದ್ದಳು. ಒಂದನ್ನು ಬೆರಳಿನ ಉಂಗುರದಲ್ಲಿ ಹಿಡಿದು ತೋರಿಸಿದಳು. "ಇದು ಮೂರನೇ ತೂತಿನದು ಅಮ್ಮಾ. ನೋಡಿ, ಪ್ಲಾಸ್ಟಿಕ್ಕಲ್ಲಿ ಹೋಗಲ್ಲ." ಹೋಗಲಿಲ್ಲ. ಜವಾನ ಸ್ಕ್ರೂ ಬಿಚ್ಚಿ ಚೌಕಟ್ಟಿನಿಂದ ತಗಡು ತೆಗೆದು ಕೊಟ್ಟ. ಎರಡು ವರ್ಷದ ಮೇಲೆ ತಗಡು ಅವಳ ಕೈಗೆ ಬಂತು. ಕಟ್ಟಳೆಯ ಪ್ರಕಾರ ಮಾತು ಈಗ ಅವಳದು.

"ಈಗ ಇದರಲ್ಲಿ ನೋಡಿ," ಎಂದು ಕಾಯಿ ತೂರಿಸಿದಳು.

ಕಾಯಿ ಅರ್ಧಕ್ಕೆ ನಿಂತಿತು.

ತಿರುಗಿಸಿ ಹಾಕಿದಳು. ಬೇರೆ ಕಾಯಿ ಹಾಕಿದಳು. ಒತ್ತಿದಳು, ಸಿಪ್ಪೆ ಸುಲಿದು ಹಸಿರು ನೀರು ಮಣಿಕಟ್ಟಿಗೆ ಇಳಿಯಿತು. ಪ್ಲಾಸ್ಟಿಕ್ಕಿನಲ್ಲಿ ಎಲ್ಲಿಗೆ ನಿಂತಿತ್ತೋ ತಗಡಿನಲ್ಲೂ ಅಲ್ಲಿಗೇ ನಿಲ್ಲುತ್ತಿತ್ತು. ವಕೀಲ ಕೆಮ್ಮಿದ ಹಾಗೆ ನಕ್ಕ. ಬೆಂಚಿನಲ್ಲಿ ಇನ್ಯಾರೋ ನಕ್ಕರು. ಆ ನಗು ಅವಳಿಗೆ ಪರಿಚಿತ, ಕೈಗೆ ಕನ್ನಡಕ ಹಾಕಿಸು ಎಂದಾಗಿನ ನಗು.

ಆಗ ಅವಳು ಮೂಲೆ ನೋಡಿದಳು. ನಾಲ್ಕೂ ಮೂಲೆ ಚೂಪಾಗಿದ್ದವು.

"ಇದು ನನ್ನ ತಗಡಲ್ಲ ಅಮ್ಮಾ. ನನ್ನದರಲ್ಲಿ ಒಂದು ಮೂಲೆ ಕತ್ತರಿಸಿತ್ತು. ಇವರೆಲ್ಲ ಕೈಯಲ್ಲಿ ಹಿಡಿದಿದಾರೆ, ಕೇಳಿ."

ಅಧಿಕಾರಿ ಬೆಂಚಿನ ಕಡೆ ನೋಡಿದಳು. ಕತ್ತರಿ ನ್ಯಾಯಕ್ಕೆ ಹೊಟ್ಟೆ ಹಿಡಿದು ನಕ್ಕವರೇ ಆ ನಾಲ್ವರು. ಒಬ್ಬ ಚಪ್ಪಲಿಯ ಉಂಗುಷ್ಟ ಸರಿಮಾಡಿಕೊಂಡ. ಒಬ್ಬ ಫ್ಯಾನು ನೋಡಿದ. ಇನ್ನಿಬ್ಬರು, "ಬಹಳ ದಿನ ಆಯ್ತಲ್ಲ, ನೆನಪಿಲ್ಲ," ಎಂದರು.

"ನೀವು ಇವರ ಯಜಮಾನರಲ್ಲವಾ?" ಅಧಿಕಾರಿ ಗಂಡನನ್ನು ಕೇಳಿದಳು. "ಇದು ನಿಮ್ಮ ಮನೆಯದೇನಾ?"

ಗಂಡ ಎದ್ದು ಬಂದು ತಗಡನ್ನು ತಿರುಗಿಸಿ ಮುರುಗಿಸಿ ನೋಡಿದ.

"ಅಣ್ಣಾ, ನಿಧಾನವಾಗಿ ನೋಡಿ ಹೇಳು," ಎಂದ ಮೈಕು. ಅವತ್ತು ಅವನ ದನಿ ಎಷ್ಟು ಮೆತ್ತಗಿತ್ತೆಂದರೆ ಮೇಜಿನಾಚೆ ಕೇಳಿಸುವುದೇ ಕಷ್ಟವಾಯಿತು.

ಗಂಡ ತಮ್ಮನ ಮುಖ ನೋಡಿದ. ಹೆಂಡತಿಯ ಮುಖ ನೋಡಲಿಲ್ಲ. "ಅದೇ ಇರಬೇಕು," ಎಂದ.

ಬರೆದುಕೊಂಡರು. ಅತ್ತಿಗೆಗೆ ವಯಸ್ಸಾಯಿತು, ಪಾಪ, ಮರೆವು ಎಂದು ಮೈಕು ಹೇಳಿದ್ದನ್ನೂ ಬರೆದುಕೊಂಡರು. ಸುಲಿದ ಕಾಯಿಗಳನ್ನು ಅತ್ತಿಗೆ ಡಬ್ಬಿಗೆ ತುಂಬಿಕೊಂಡಳು. ಸರ್ಕಾರಿ ಮೇಜಿನ ಮೇಲೆ ಬಿಟ್ಟು ಬರಲು ಮನಸ್ಸಾಗಲಿಲ್ಲ.

ಮೆಟ್ಟಿಲ ಹತ್ತಿರ ಅವಳು ಮೈದುನನ ದಾರಿಗೆ ಅಡ್ಡ ನಿಂತಳು. ಅವನ ಫೈಲು ಹಿಡಿದು ಹಿಂದೆ ಬರುತ್ತಿದ್ದವನು ಯಾರೆಂದು ನೋಡಿದರೆ, ಅದೇ ಸೂಪರ್‌ವೈಸರ್.

"ನನ್ನ ತಗಡೆಲ್ಲಿ?"

"ಇಲ್ಲಿ ಬೇಡ ಅತ್ತಿಗೆ. ಮನೆಗೆ ಬರ್ತೀನಿ, ಮಾತಾಡೋಣ."

"ಎಲ್ಲಿ ಅಂತ ಕೇಳ್ದೆ."

ಅವನು ಸೂಪರ್‌ವೈಸರನ್ನು ಕೆಳಗೆ ಕಳಿಸಿದ. "ಕಂಪನಿಯವರು ಗಂಟುಮೂಟೆ ಕಟ್ಟೋಕೆ ತಯಾರಿದ್ರು. ಹೊಳೆ ಆಚೆಯವರು ಇನ್ನೂ ಕಡಿಮೆಗೆ ಬೆಳೆದ್ಕೊಡ್ತೀವಿ ಅಂತ ಕೂತಿದಾರೆ. ಇವರು ಹೋದ್ರೆ ನೀವು ಕಾಯಿ ತಗೊಂಡು ಯಾರ ಬಾಗಿಲಿಗೆ ಹೋಗ್ತೀರಿ? ನಾನು ಒಳಗಿದ್ರೆ ತಾನೆ ನಾಳೆ ಒಂದಿಷ್ಟು ಏರಿಸೋಕಾಗೋದು."

"ಅದಕ್ಕೆ ನನ್ನ ಕೈ ಸುಳ್ಳಾಗ್ಬೇಕಿತ್ತಾ?"

"ನಿಮ್ಮ ಕೈ ಸುಳ್ಳು ಅಂತ ಯಾರಂದ್ರು?"

"ಒಳಗೆ ನಕ್ಕರಲ್ಲ, ಅವರು. ನೀನು ನಗಲಿಲ್ಲ, ಬರೆಸ್ದೆ."

ಅವನು ವಾಚು ನೋಡಿಕೊಂಡ. "ತಗಡು ಇಲ್ಲ ಅತ್ತಿಗೆ. ಕರಗಿಸಿಯಾಯ್ತು. ಇನ್ನು ಹುಡುಕ್ಬೇಡಿ," ಎಂದ. ಹೇಳಿ, ಚಿಕ್ಕಂದಿನ ಅಭ್ಯಾಸದಂತೆ ಬಗ್ಗಿ ಅವಳ ಕಾಲು ಮುಟ್ಟಲು ಹೋದ. ಒರಟು ಒಡೆದ ಆ ಹಿಮ್ಮಡಿಗಳ ಮೇಲೆ ಅವನ ಕಣ್ಣು ಒಂದು ಗಳಿಗೆ ನಿಂತಿತು. ಕಾಲು ಮುಟ್ಟದೆ ಎದ್ದು, ಸರಸರನೆ ಮೆಟ್ಟಿಲಿಳಿದು ಹೋದ.

ಸಂಜೆಯ ಹೊತ್ತಿಗೆ ಬೀದಿಗೆಲ್ಲ ಸುದ್ದಿಯಾಗಿತ್ತು. ಅತ್ತಿಗೆ ತೋರಿಸಿದ ತಗಡಿನ ತೂತೂ ಅಷ್ಟೇ ಅಂತೆ, ಸುಮ್ಮನೆ ಹತ್ತು ದಿನದ ಕಾಯಿ ಹಾಳು ಮಾಡಿಸಿದಳಂತೆ. ಹೆಂಡತಿಯನ್ನು ಕಳೆದುಕೊಂಡ ಮುದುಕ ಗೇಟಿನ ಮುಂದೆ ನಿಂತು, "ನಾನು ಮೂರು ವರ್ಷ ಬೈದದ್ದು ಸರೀನೇ ಆಯ್ತಾ ಹಾಗಾದ್ರೆ?" ಎಂದು ಕೇಳಿ ಉತ್ತರಕ್ಕೆ ಕಾಯದೆ ಹೋದ. ಅತ್ತಿಗೆ ಗಂಡನಿಗೆ ಊಟ ಬಡಿಸಿ ಹೊರಗೆ ಬಂದು ಕೂತಳು.

*

ಮರುದಿನ ಬೆಳಿಗ್ಗೆ ಹೊಲದಿಂದ ಬರುವಷ್ಟರಲ್ಲಿ ಬಾಗಿಲಲ್ಲಿ ಗಾರೆ ಮೇಸ್ತ್ರಿ ಕೂತಿದ್ದ. ಪಕ್ಕದಲ್ಲಿ ಎರಡು ಚೀಲ ಸಿಮೆಂಟು, ಒಂದು ಪೆಟ್ಟಿಗೆ ಟೈಲ್ಸು, ತೊಡೆಯ ಮೇಲೆ ಸುತ್ತಿಗೆ, ಉಳಿ. ಗಂಡ ಅವನಿಗೆ ಆಗಲೇ ನೀರು ತಂದಿಟ್ಟಿದ್ದ.

"ಸಾಹೇಬ್ರು ಕಳಿಸಿದ್ರಮ್ಮ. ಬಚ್ಚಲಿಗೆ ಟೈಲ್ಸ್ ಹಾಕಿಕೊಡು ಅಂದ್ರು."

"ನಾನು ಯಾರನ್ನೂ ಕೇಳಿರ್ಲಿಲ್ವಲ್ಲ."

"ಟೈಲ್ಸ್ ನಿಧಾನಕ್ಕೆ ಆದ್ರೂ ಪರವಾಗಿಲ್ವಂತೆ. ಮೂಲೇಲಿ ಮೂರು ಉಬ್ಬು ಇದೆಯಂತಲ್ಲ, ಅದನ್ನ ಮಾತ್ರ ಇವತ್ತೇ ಕೆತ್ತಿ ಹಾಕ್ಬಿಡು ಅಂದ್ರು. ಅತ್ತಿಗೆ ಕಾಲಿಗೆ ಚುಚ್ಚುತ್ತೆ ಅಂತ."

ಅತ್ತಿಗೆ ತಲೆಯ ಮೇಲಿನ ಬುಟ್ಟಿ ಇಳಿಸಲಿಲ್ಲ. ಬುಟ್ಟಿ ಹೊತ್ತೇ ಬಚ್ಚಲಿಗೆ ಹೋಗಿ ನಿಂತಳು. ಮೂರು ಉಬ್ಬು, ದುಂಡಗೆ, ಸಾಲಾಗಿ. ಒಂದಕ್ಕಿಂತ ಒಂದು ದೊಡ್ಡದು. ಹತ್ತು ವರ್ಷ ದಿನಾ ಅದರ ಮೇಲೆ ಕಾಲಿಟ್ಟವಳಿಗೆ ಈಗ ಅದು ಕಂಡಿತು.

ನೆನಪು ಒಂದೊಂದಾಗಿ ಬಂತು. ಮೂಲೆಯವರೆಗೂ ಸಿಮೆಂಟ್ ಬಳಿದ ಹುಡುಗು ಮೈದುನ, ಈಚೆ ಬರಲು ದಾರಿಯಿಲ್ಲದೆ ನಿಂತು, "ಅತ್ತಿಗೇ, ಏನಾದ್ರೂ ಎಸೀರಿ, ಕಾಲಿಡೋಕೆ," ಎಂದು ಕೂಗಿದ್ದ. ಅವಳು ಕೈಗೆ ಸಿಕ್ಕ ತಗಡು ಎಸೆದಿದ್ದಳು. ಅದನ್ನು ಹಸಿ ಸಿಮೆಂಟಿನ ಮೇಲಿಟ್ಟು, ಅದರ ಮೇಲೆ ಹೆಜ್ಜೆಯೂರಿ ಅವನು ಹಾರಿ ಬಂದಿದ್ದ. ಇಡೀ ದೇಹದ ಭಾರ ಬಿದ್ದಾಗ ಸಿಮೆಂಟು ಮೂರು ತೂತಿನಿಂದ ಮೇಲೆದ್ದಿತ್ತು. ಅವಳು ಮರೆತಿದ್ದಳು. ಅವನೂ ಮರೆತಿದ್ದನೇನೋ, ನಿನ್ನೆ ಅವಳ ಹಿಮ್ಮಡಿ ನೋಡಿದವನಿಗೆ ನೆನಪಾಗಿತ್ತು.

ಬುಟ್ಟಿ ಇಳಿಸಿ ಅವಳು ಆ ಉಬ್ಬುಗಳ ಪಕ್ಕ ನೆಲಕ್ಕೆ ಕೂತಳು.

"ಏಳೇ," ಎಂದ ಗಂಡ ಬಾಗಿಲಲ್ಲಿ ನಿಂತು. "ಏನೋ ಪ್ರೀತಿಯಿಂದ ಕಳಿಸಿದಾನೆ. ಕೆಲಸ ಮಾಡೋಕೆ ಬಿಡು."

"ಆ ಪ್ಲಾಸ್ಟಿಕ್ ಹಲಗೆ ತನ್ನಿ."

"ಈಗ ಅದ್ಯಾಕೆ?"

"ತನ್ನಿ ಅಂದೆ."

ಅವನು ತಂದ. ಬೆನ್ನು ಬಗ್ಗದ ಮನುಷ್ಯ, ಗೋಡೆ ಹಿಡಿದು ಮಂಡಿಯೂರಿದ. ಅವಳು ತೋರಿಸಿದ ಕಡೆ ಹಲಗೆಯನ್ನು ಉಬ್ಬುಗಳ ಮೇಲಿಟ್ಟ. ಹಲಗೆ ಕೆಳಗಿಳಿಯಲಿಲ್ಲ. ಸರಿಸಿ ಇಟ್ಟ, ಅಂಗೈಯಿಂದ ಒತ್ತಿದ. ಹತ್ತು ವರ್ಷ ಹಿಮ್ಮಡಿ ತಿಕ್ಕಿ ಸವೆದ ಮೇಲೂ ಮೂರನೇ ಉಬ್ಬು ಹಲಗೆಯ ಮೂರನೇ ತೂತಿಗಿಂತ ದೊಡ್ಡದಾಗಿಯೇ ಇತ್ತು. ಹಲಗೆ ಮೂರು ಕಲ್ಲಿನ ಮೇಲಿಟ್ಟ ಪಾತ್ರೆಯಂತೆ ಕೂತಿತು.

"ಈಗ ಹೇಳಿ," ಎಂದಳು ಅತ್ತಿಗೆ. "ಇದೂ 'ಇರಬೇಕಾ'?"

ಅವನು ಹಲಗೆಯನ್ನು ಇನ್ನೊಮ್ಮೆ ಒತ್ತಿ ನೋಡಿದ. ಹೊರಗೆ ಮೇಸ್ತ್ರಿಯ ಫೋನು ಬಡಿದುಕೊಂಡಿತು. "ಹೂಂ ಸಾಹೇಬ್ರೆ. ಇಲ್ಲ, ಇನ್ನೂ ಕೆತ್ತಿಲ್ಲ. ಅಮ್ಮಾವ್ರು ಅಲ್ಲೇ ಕೂತ್ಬಿಟ್ಟಿದಾರೆ," ಎನ್ನುತ್ತ ಬಚ್ಚಲ ಬಾಗಿಲಿಗೆ ಬಂದು ಫೋನು ಚಾಚಿದ. "ನಿಮಗೇ ಕೊಡು ಅಂತಿದಾರೆ."

ಅವಳು ತೆಗೆದುಕೊಳ್ಳಲಿಲ್ಲ. ತೆಗೆದುಕೊಳ್ಳುವ ಅಗತ್ಯವೂ ಇರಲಿಲ್ಲ. ಹೊಲದ ಆ ತುದಿಯಿಂದ ಕೇಳುತ್ತಿದ್ದ ಗಂಟಲು ಅದು. "ಅತ್ತಿಗೇ, ಅತ್ತಿಗೇ," ಎಂದು ಮೇಸ್ತ್ರಿಯ ಅಂಗೈಯೊಳಗಿಂದ ಕೂಗುತ್ತಲೇ ಇತ್ತು.

"ಟೈಲರಮ್ಮನ್ನ ಕರೀರಿ," ಎಂದಳು ಗಂಡನಿಗೆ. "ಅವಳ ಹಲಗೇನೂ ತರ್ಲಿ. ಆ ಮುದುಕನ್ನೂ ಕರ್ಕೊಂಡು ಬರ್ಲಿ."

ಗಂಡ ಗೋಡೆ ಹಿಡಿದು ಎದ್ದ. ಮೇಸ್ತ್ರಿಯನ್ನು ದಾಟಿ, ಫೋನನ್ನು ದಾಟಿ, ಅಂಗಳಕ್ಕೆ ಇಳಿದ. ಪಕ್ಕದ ಮನೆಯಲ್ಲಿ ಟೈಲರಮ್ಮ ಪಕ್ಷದ ಸಮಾವೇಶಕ್ಕೆ ಇನ್ನೂರು ಬಾವುಟ ಹೊಲಿಯುತ್ತಿದ್ದಳು. ಅವಳ ಮಿಷನ್ನಿನ ಕಟಕಟ ಬೆಳಗಿನಿಂದ ಗೋಡೆಯಾಚೆ ನಿಂತೇ ಇರಲಿಲ್ಲ.

ಅತ್ತಿಗೆ ಮೂರನೇ ಉಬ್ಬಿನ ಸುತ್ತ ಹೆಬ್ಬೆರಳು ನಡುಬೆರಳ ಉಂಗುರ ಹಿಡಿದು ಕೂತಳು. ಸರಿಯಾಗಿ ಹಿಡಿಸಿತು.

ಗೋಡೆಯಾಚೆ ಮಿಷನ್ನು ನಿಂತಿತು.